ತಾರಸಿಯ ಸಂಡಿಗೆ

ಮಹದೇವಪುರ,
ಭಾನುವಾರ

ಕೆಳಮನೆಯ ರಾಮಕ್ಕನವರಿಗೆ ನಮಸ್ಕಾರ.

ಅತ್ತಿಬೆಲೆಗೆ ಹೊರಟಾಗ ನೀವು, "ಟ್ಯಾಂಕ್ ತುಂಬಿದ್ ತಕ್ಷಣ ಮೋಟಾರ್ ಆಫ್ ಮಾಡ್ಬಿಡಮ್ಮ, ತಾರಸಿ ಮೇಲೆ ಸಂಡಿಗೆ ಐತೆ" ಎಂದಿದ್ದಿರಿ. ನಾನು ಮರೆತೆ. ನೀರು ಉಕ್ಕಿ, ನಿಮ್ಮ ಮಗಳ ಸೀಮಂತಕ್ಕೆಂದು ನೀವು ಒಣಹಾಕಿದ್ದ ಸಂಡಿಗೆಯೆಲ್ಲ ಕರಗಿಹೋಯಿತು.

ಆಗ ಕಂಪ್ಯೂಟರ್ ಕೋಡಿನಲ್ಲಿ ತಪ್ಪು ಹುಡುಕುವ ಟೈಪ್ ಚೆಕರ್ ಎಂಬ ಪ್ರೋಗ್ರಾಮನ್ನು ರಿಪೇರಿ ಮಾಡುತ್ತಿದ್ದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಕಾಂಪ್ರಿಹೆನ್ಷನ್ ಎಂಬ ಸಾಲಿನಲ್ಲಿ, ಕಂಸದೊಳಗೇ ಮೌಲ್ಯ ಕೊಟ್ಟು ಇಟ್ಟ ಹೆಸರು ಹೊರಗೂ ಉಳಿಯುತ್ತದೆ. ಚೆಕರ್ ಮಾತ್ರ ಅಂಥ ಹೆಸರೇ ಇಲ್ಲವೆನ್ನುತ್ತಿತ್ತು. ಕೊನೆಗೂ ಸರಿಹೋಯಿತು. ಖುಷಿಯಿಂದ ಎದ್ದಾಗಲೇ ನೀರಿನ ಸದ್ದು ಕೇಳಿಸಿದ್ದು.

ಎದುರು ನಿಂತು ಹೇಳಲು ಮುಖವಿಲ್ಲದೆ ಬರೆಯುತ್ತಿದ್ದೇನೆ. ಅಕ್ಕಿ, ಜೀರಿಗೆ ತಂದಿಟ್ಟಿದ್ದೇನೆ. ಹಿಟ್ಟಿನ ಹದ ಹೇಳಿಕೊಡಿ. ಒತ್ತುವುದು, ಕಾಗೆ ಕಾಯುವುದು ನನ್ನ ಪಾಲಿಗಿರಲಿ. ಬರುವ ಶನಿವಾರ ಹೊಸ ಸಂಡಿಗೆ ಹಾಕೋಣ, ಅಂದು ಲ್ಯಾಪ್‌ಟಾಪ್ ತೆರೆಯುವುದಿಲ್ಲ.

ಬಯ್ಯುವುದಿದ್ದರೆ ಬಂದವರೇ ಬಯ್ದುಬಿಡಿ, ಅಕ್ಕ. ಸುಮ್ಮನಿರಬೇಡಿ.

ಮಹಡಿ ಮನೆಯ
ಸ್ಫೂರ್ತಿ