ಕಂಚಿನ ಮೆಟ್ಟಿಲ ಮೇಲೆ ಉಗುರು ಆಡಿಸಿ ನೋಡು

ಪಾಪಮ್ಮ,

ಈ ಬೆಳಗ್ಗೆ ಮಂಜು ಎಷ್ಟು ದಟ್ಟವೆಂದರೆ, ಗಾಡಿ ಹೂಡುವಾಗ ಎತ್ತಿನ ಕೊಂಬೇ ಕಾಣಲಿಲ್ಲ. ನೀನು ಧನುರ್ಮಾಸದ ಪೂಜೆಗೆ ಹೋಗಿದ್ದೀಯೆ. ಕಾಯಲಾಗದೆ ದೊಡ್ಡಬಳ್ಳಾಪುರಕ್ಕೆ ಹೊರಟಿದ್ದೇನೆ.

ಮಧ್ಯಾಹ್ನ ದೇವನಹಳ್ಳಿಯ ಸಂಜೀವಪ್ಪ ಆ ಹಳೆಯ ವೀಣೆ ಮಾರಲು ತರುತ್ತಾನೆ. "ಮೆಟ್ಟಿಲೆಲ್ಲಾ ಹೊಸದ್ರಂಗವೆ ಕಣಣ್ಣ, ಕಣ್ಮುಚ್ಕೊಂಡು ತಗೊ" ಅಂದ. "ನಾನು ಮುಚ್ಕೊಂಡ್ರೂ ನಮ್ಮನೆಯವಳು ಮುಚ್ಕೊಳ್ಳಲ್ಲ ಕಣಪ್ಪ" ಅಂದೆ. ಅವನಿಗೆ ಕಾಫಿ ಕೊಟ್ಟು ಕೂರಿಸು. ಆಮೇಲೆ ತಂತಿ ಸರಿಸಿ, ಅದರಡಿಯ ಕಂಚಿನ ಮೆಟ್ಟಿಲುಗಳ ಮೇಲೆ ಉಗುರು ಆಡಿಸಿ ನೋಡು. ಬರೀ ಗೆರೆಯಾದರೆ ಉಜ್ಜಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಹಳ್ಳ ಬಿದ್ದಿದ್ದರೆ ತಂತಿ ಝರ್ರೆನ್ನುತ್ತದೆ, ವಾಪಸು ಕಳಿಸು. ಮೆಟ್ಟಿಲು ಕೂರಿಸಿದ ಮೇಣ ಹಳೆಯದಾಗಿದ್ದರೆ ಚಿಂತೆಯಿಲ್ಲ, ಹೊಸದಾಗಿ ಕಟ್ಟಿಸೋಣ. ಬಿಸಿಲಿಗೆ ಮಾತ್ರ ಇಡಬೇಡ. ಇದನ್ನು ನಿನಗೆ ಹೇಳುವ ಮುಖ ನನಗಿಲ್ಲ.

ನಿನ್ನ ತವರಿನ ವೀಣೆಯನ್ನು ರಾಮನವಮಿ ಭಜನೆಗೆಂದು ಒಯ್ದು, ಬಿಸಿಲಲ್ಲಿ ಬಿಟ್ಟು ಪಾನಕ ಹಂಚಲು ಹೋದವನು ನಾನು. ಮೇಣ ಕರಗಿ ಮೆಟ್ಟಿಲುಗಳು ಜಾರಿದವು. ನಿನಗೆ ತಿಳಿಯದಿರಲೆಂದು ಕಣ್ಣಂದಾಜಿನಲ್ಲಿ ಒತ್ತಿ ಕೂರಿಸಿ, ಇನ್ನಷ್ಟು ಕೆಡಿಸಿದೆ. ಎಂಟು ವರ್ಷದಿಂದ ನೀನು ಬರಿ ಗಂಟಲಲ್ಲೇ ದೇವರಿಗೆ ಹಾಡುತ್ತೀಯೆ. ಒಂದು ದಿನವೂ ಆಡಿ ತೋರಿಸಲಿಲ್ಲ. ಇಂಥವಳ ಜೊತೆ ಬಾಳಿಸುತ್ತಿರುವ ದೇವರಿಗೆ ದಿನವೂ ಕೈ ಮುಗಿಯುತ್ತೇನೆ. ನಿನಗೆ ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ.

ಇವತ್ತು ಬರುವ ವೀಣೆ ಭಜನೆಮನೆಗೆ ಅಂತ ನಿನಗೆ ಹೇಳಿದ್ದು ಸುಳ್ಳು. ಅದು ನಿನ್ನದು. ಮನಸ್ಸಿಗೆ ಬಂದರೆ ಇಟ್ಟುಕೊಂಡು, ಸಂಜೀವಪ್ಪ ಹೋದ ಮೇಲೆ ಶ್ರುತಿ ಮಾಡಿಕೊ. ನಿನ್ನಿಂದ ನಾನೇ ಕಸಿದದ್ದನ್ನು ಎದುರು ನಿಂತು ಕೊಡಲು ನಾಚಿಕೆ, ಅದಕ್ಕೇ ಈ ಚೀಟಿ.