ಮಾಳಿಗೆಯ ಮೇಲಿನ ಸರಳುಗಳು

ಹುಮನಾಬಾದ್, ರವಿವಾರ

ಮಂಠಾಳದ ಅಪ್ಪನವರಿಗೆ, ಮಗಳು ಸುಗಂಧಾಳ ಜೈಭೀಮ್.

ನಾನು ಚೆನ್ನಾಗಿದ್ದೇನೆ. ಔಷಧ ಕಾರ್ಖಾನೆಯಲ್ಲಿ ಈಗಲೂ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸವೇ. ಸ್ವಲ್ಪ ಕೆಮ್ಮಿದೆ, ಅವ್ವನಿಗೆ ಹೇಳಬೇಡಿ.

ಫೋನಿನಲ್ಲಿ ನಿಮ್ಮೊಂದಿಗೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ನರ್ಸಿಂಗ್ ಸೇರುತ್ತೇನೆ ಎಂದಾಗ ನೀವು ನನ್ನನ್ನು ಮಾಳಿಗೆಗೆ ಕರೆದೊಯ್ದಿರಿ. ಮುಂದೆ ಕಟ್ಟುವ ಖೋಲಿಗೆಂದು ಬಿಟ್ಟಿದ್ದ ಕಬ್ಬಿಣದ ಸರಳುಗಳ ನಡುವೆ ನಿಂತು, ಗಾಳಿಯಲ್ಲಿ ಕೈಯಾಡಿಸಿ, "ಇಲ್ಲಿ ಖಿಡಕಿ ಬರ್ತದ ನೋಡವಾ, ಇಲ್ಲಿ ಬಾಗ್ಲಾ. ಇದೊಂದು ಖೋಲಿ ಆಗ್ಲಿ, ಆಮ್ಯಾಲ ನೀ ಓದಾಕ ಹೋಗು" ಎಂದಿರಿ. ಮನೆ ಕಟ್ಟುವ ಗೌಂಡಿಯ ಮಗಳು ನಾನು, ನನಗೂ ಆ ಕಿಟಕಿ ಕಂಡಿತು. ಖೋಲಿಯ ಖರ್ಚಿಗೆಂದು ಕಾರ್ಖಾನೆ ಸೇರಿದೆ.

ಖೋಲಿ ಆಯಿತು. ಹೋದ ತಿಂಗಳು ಊರಿಗೆ ಬಂದಾಗ ಅದರ ಛತ್ತಿನ ಮೇಲೂ ಸರಳುಗಳು ನಿಂತಿದ್ದವು. "ಇವು ನಿನ್ನ ತಮ್ಮನ ಸಂಸಾರಕ್ಕ" ಎಂದಿರಿ. ಸಂಘರತ್ನ ಇನ್ನೂ ಒಂಬತ್ತನೇ ಇಯತ್ತೆ ಅಪ್ಪಾ.

ಊರವರ ಮನೆಗಳನ್ನೆಲ್ಲ ಮುಗಿಸಿಕೊಡುತ್ತೀರಿ. ನಮ್ಮದನ್ನೂ ಮುಗಿಸಿ. ಆ ಸರಳುಗಳನ್ನು ಛತ್ತಿನ ಸಮಕ್ಕೆ ಕೊಯ್ಸಿಬಿಡಿ. ಅವ್ವನಿಗೆ ಬಟ್ಟೆ ಒಣಹಾಕಲು ಎರಡು ಇರಲಿ, ಸಾಕು.

ಬಸವಕಲ್ಯಾಣದಲ್ಲಿ ನರ್ಸಿಂಗ್ ಸೇರುವ ಅರ್ಜಿ ಈ ಪತ್ರದ ಜೊತೆ ಇದೆ. ಪಾಲಕರ ಸಹಿ ಬೇಕು. ಶುಕ್ರವಾರ ಕೊನೆಯ ದಿನ. ಸಹಿ ಮಾಡುವ ತನಕ ದಯವಿಟ್ಟು ಮಾಳಿಗೆ ಹತ್ತಬೇಡಿ.

ನಿಮ್ಮ
ಸುಗಂಧಾ