ಹತ್ತನೆಯವನು

ಟಿಸಾ ನದಿಯ ದಂಡೆ, ಹಂಗೇರಿ
2 ಡಿಸೆಂಬರ್ 1946

ಪ್ರೀತಿಯ ಲಿಪೋತ್,

ನಿನಗೂ ನಿನ್ನ ವಾರ್ಡಿನ ಎಳೆಯ ಗೆಳೆಯರಿಗೂ ಶಾಂತಿ ಇರಲಿ. ನಿನ್ನನ್ನು ಸಾವಿನ ಬಾಯಿಂದ ಹಿಂದಕ್ಕೆ ತಂದ ಹಿರಿಯ ದಾದಿಯರಿಗೆ ನನ್ನ ವಂದನೆ ತಿಳಿಸು. ನೀನು ನಡೆಯುತ್ತಿರುವೆಯಂತೆ, ಮತ್ತೆ ಓದುವೆಯೆಂಬ ನಂಬಿಕೆಯೂ ನನಗಿದೆ.

ತಂದೆಯ ಸಮಾಧಿಯ ಮುಂದೆ ಕದ್ದೀಶ್ ಪ್ರಾರ್ಥನೆ ಆಯಿತೇ ಎಂದು ಕೇಳಿದ್ದೀಯೆ. ಆಗಲಿಲ್ಲ, ಮಗು. ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆಗೆ ಹತ್ತು ಯೆಹೂದಿ ಗಂಡಸರು ಕೂಡಲೇಬೇಕು. ನಾಜಿ ಶಿಬಿರಗಳಿಂದ ಮರಳಿದವರಲ್ಲಿ ನಿಮ್ಮ ಸಂಪ್ರದಾಯಸ್ಥರು ಏಳು ಮಂದಿ, ಮಂದಿರದಲ್ಲಿ ಆರ್ಗನ್ ವಾದ್ಯ ನುಡಿಸುವ ನಾವು ಸುಧಾರಕರು ಮೂವರು. ನಿಮ್ಮ ಮಂದಿರಪಾಲಕ ವುಲ್ಫ್ ಮನೆಮನೆಗೂ ಹೋಗಿ, "ನಿಮ್ಮ ಆರ್ಗನ್ನೂ ಸುಟ್ಟೋಯ್ತು, ನಮ್ಮ ಮಂದಿರಾನೂ ಸುಟ್ಟೋಯ್ತು, ಇನ್ಯಾತರ ಜಗಳ ಸ್ವಾಮಿ? ಆರಿಸಿಕೊಳ್ಳೋಕೆ ದೇವರ ಹತ್ರಾನೇ ಈಗ ಜನ ಇಲ್ಲ," ಎಂದು ಕರೆದ. ಬಂದವರು ಒಂಬತ್ತು. ಒಬ್ಬರಿಗೆ ಜ್ವರವೆಂದು ಸುದ್ದಿ ಬಂತು. ಒಂದು ಗಂಟೆ ಕಾದು, ಕದ್ದೀಶ್ ಇಲ್ಲದೆಯೇ ಮಣ್ಣು ಮುಚ್ಚಿದರು.

ನಿನ್ನ ತಂದೆ ಲೆಕ್ಕ ಕಲಿಯಲು ನಿನ್ನನ್ನು ನನ್ನಲ್ಲಿಗೆ ಕಳಿಸುತ್ತಿದ್ದರು. ನಮ್ಮ ಮನೆಯ ಪಾತ್ರೆ ನಿಮಗಾಗದೆಂದು ಜೊತೆಗೊಂದು ತಗಡಿನ ಲೋಟ. ನನ್ನ ಹೆಂಡತಿ ತೀರಿದ ದಿನ ನಮ್ಮ ಮಂದಿರದಲ್ಲಿ ಆರ್ಗನ್ ನುಡಿಯಿತು. ನಿಮ್ಮವರಿಗೆ ಅದು ನಿಷಿದ್ಧ, ನಿನ್ನ ತಂದೆ ಹೊಸ್ತಿಲು ದಾಟಲಿಲ್ಲ. ಎದುರು ಬೀದಿಯ ಹಿಮದಲ್ಲಿ ಕೊನೆಯವರೆಗೂ ನಿಂತಿದ್ದರು. ಹದಿನೈದು ವರ್ಷ ನನಗೆ ಹೊಸ್ತಿಲು ಮಾತ್ರ ಕಂಡಿತು, ಹಿಮ ಕಾಣಲಿಲ್ಲ.

ಎಂಟು ದೀಪಗಳ ಹಬ್ಬ ಮುಗಿದ ಮರುವಾರ ನಿನ್ನ ತಂದೆ ತೀರಿಹೋದ ವರ್ಷದ ದಿನ. ಆ ಒಂಬತ್ತರಲ್ಲಿ ಒಬ್ಬರು ದೇಶ ಬಿಟ್ಟರು. ನೀನು ಬಂದರೆ ಮತ್ತೆ ಒಂಬತ್ತು. ಹತ್ತನೆಯವರನ್ನು ಕರೆತರುವುದು ನನ್ನ ಹೊಣೆ. ನಿಮ್ಮ, ನಮ್ಮ ಎರಡು ಸ್ಮಶಾನಗಳ ನಡುವಿನ ಗೋಡೆಯಲ್ಲಿ ಒಂದು ಗೇಟು ತೆರೆಯೋಣವೆಂದು ವುಲ್ಫ್ ಹಠ ಹಿಡಿದಿದ್ದಾನೆ. ಮೊದಲ ಇಟ್ಟಿಗೆ ನಿಮ್ಮಂಥ ಎಳೆಯರ ಕೈಯಿಂದಲೇ ಕಳಚಲಿ.

ನಿನ್ನ ಮೇಷ್ಟ್ರು,
ಅರ್ನೋಲ್ಡ್ ಹಾಲ್ಮೋಶ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಜ್ವರವೆಂದು ಹೇಳಿಕಳಿಸಿದವನು ನಾನು. ನನಗೆ ಜ್ವರವಿರಲಿಲ್ಲ. ಅವರು ಕಾದ ಆ ಒಂದು ಗಂಟೆಯೂ ನಾನು ಕಿಟಕಿಯ ಬಳಿ, ಬೂಟು ಹಾಕಿಕೊಂಡೇ ಕುಳಿತಿದ್ದೆ. ವರ್ಷದ ದಿನ ನಾನು ನಿಮ್ಮ ಸ್ಮಶಾನದ ಗೋಡೆಯ ಹೊರಗೆ ನಿಂತಿರುತ್ತೇನೆ. ನನ್ನನ್ನು ಎಣಿಕೆಗೆ ಸೇರಿಸಬಹುದೆಂದು ನಿನಗೆ ಅನ್ನಿಸಿದರೆ ಒಳಗೆ ಕರೆ. ಆಮೇಲೆ ಯಾರಿಗೂ ಕಾಯದೆ ಪ್ರಾರ್ಥನೆ ಆರಂಭಿಸು.